ವನಮಾಲೀ ಗದೀ ಬಂದಾಗ ಹಾಲಿಡುವವರು

ಮನೆಯಲ್ಲಿ ಪಾರಾಯಣ, ಪ್ರಾರ್ಥನೆ ಇಟ್ಟುಕೊಂಡು ಸೋತು, ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದವರಲ್ಲಿ ಸುಮತಿ ನಾಲ್ಕನೆಯವರು. ಹಿಂದೆ ಬಂದವರಲ್ಲಿ ಒಬ್ಬರು ಮನೆಯಲ್ಲೇ ಪ್ರಾರ್ಥನಾ ಕೂಟ ನಡೆಸುವ ಕ್ರೈಸ್ತ ಹೆಣ್ಣುಮಗಳು. ಅವರದ್ದೂ ಇದೇ ಕಥೆ. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು, ಗುರುತು ಬದಲಾಯಿಸಿದ್ದೇನೆ.

ಸುಮತಿಯವರಿಗೆ 58 ವರ್ಷ. ಮೈಸೂರಿನವರು. ಅತ್ತೆ ತೀರಿಕೊಂಡ ಮೇಲೆ ಮನೆ ಭಣಭಣ ಅನ್ನಿಸಿ, ತಿಂಗಳಿಗೊಮ್ಮೆ ಶುಕ್ಲ ಏಕಾದಶಿಗೆ ವಿಷ್ಣು ಸಹಸ್ರನಾಮ ಪಾರಾಯಣ ಶುರುಮಾಡಿದರು. ಆಗ ಐದು ಜನ, ಈಗ ಮೂವತ್ತು. ನನ್ನ ಹತ್ತಿರ ಬಂದಿದ್ದು ನಿದ್ದೆ ಬರಲ್ಲ, ಸೊಸೆ ಮೇಲೆ ಸುಮ್ನೆ ಸಿಡುಕುತ್ತೀನಿ ಅಂತ. ಮೊದಲ ಎರಡು ಭೇಟಿ ಅತ್ತೆ–ಸೊಸೆ ಮಾತಿನಲ್ಲೇ ಕಳೆದವು. ನಾನೂ ಅಲ್ಲೇ ಹುಡುಕುತ್ತಿದ್ದೆ.

ಮೂರನೇ ಭೇಟಿಯಲ್ಲಿ, "ಪಾರಾಯಣದಲ್ಲಿ ನಿಮಗೆ ಜಾಸ್ತಿ ಇಷ್ಟ ಯಾವ ಭಾಗ?" ಎಂದು ಕೇಳಿದೆ.

"ವನಮಾಲೀ ಗದೀ ಬಂದ ಕೂಡಲೇ ಹಾಲಿಡ್ತೀನಿ ಮೇಡಂ. ಅದನ್ನ ಮೂರು ಸಲ ಹೇಳ್ತಾರಲ್ಲ, ಚೆನ್ನಾಗಿ ಕೇಳಿಸತ್ತೆ. ಫಲಶ್ರುತಿ ಮುಗಿಯೋ ಹೊತ್ತಿಗೆ ಕಾಫಿ ರೆಡಿ."

ವನಮಾಲೀ ಗದೀ ಸಹಸ್ರನಾಮ ಮುಗಿಯುವಾಗ ಬರುವ ಶ್ಲೋಕ; ಆಮೇಲೆ ಬರುವುದು ಪಠಣದ ಫಲ ಹೇಳುವ ಫಲಶ್ರುತಿ. ಸುಮತಿ ಅಷ್ಟು ಹೇಳಿ ಸುಮ್ಮನಾದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. "ನಾನು ಕೂತು ಹೇಳಿ ಎರಡು ವರ್ಷ ಆಯ್ತು" ಎಂದರು. ಕಣ್ಣು ತುಂಬಿತ್ತು.

ಮೊದಮೊದಲು ಕಲ್ಲುಸಕ್ಕರೆ, ಬಾಳೆಹಣ್ಣು ಅಷ್ಟೇ ಇತ್ತಂತೆ. ಆಮೇಲೆ ಗೊಜ್ಜವಲಕ್ಕಿ ಬಂತು. ಸಬ್ಬಕ್ಕಿ ಕಿಚಡಿ, ಕೇಸರಿಬಾತ್, ತಾಂಬೂಲದ ಜೊತೆ ಬ್ಲೌಸ್ ಪೀಸ್ ಬಂದವು. ಏಕಾದಶಿ ಉಪವಾಸದ ದಿನ ಅಲ್ವಾ? ಅರ್ಧ ಗಂಟೆಯ ಪಾರಾಯಣಕ್ಕೆ ಮೂರು ದಿನದ ಕೆಲಸ. ಸೊಸೆ ಆಫೀಸಿಗೆ ರಜೆ ಹಾಕಲ್ಲ ಅನ್ನುವುದೇ ಸಿಟ್ಟಿನ ಮೂಲ.

ಪಾರಾಯಣ ನಿಲ್ಲಿಸಲು ಹೇಳಬೇಕಿತ್ತು ಎಂದರು ನನ್ನ ಸಹೋದ್ಯೋಗಿಯೊಬ್ಬರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪಲ್ಲ. ನಾಲ್ಕು ಜನ ಬಂದು ಕೂರುವ ಮನೆ ಆಕೆಗೆ ಬೇಕು. ನಿಲ್ಲಿಸಿದರೆ ಸುಸ್ತು ಹೋಗುತ್ತದೆ, ಆ ಭಣಭಣ ವಾಪಸ್ ಬರುತ್ತದೆ. ಸೊಸೆ ಕೈಲಿ ಮಾಡಿಸಿ ಎಂದು ನೆಂಟರು ಹೇಳಿದ್ದರಂತೆ. ಅದರಿಂದ ಭಾರ ಇಳಿಯಲ್ಲ, ಹೆಗಲು ಬದಲಾಗುತ್ತದೆ ಅಷ್ಟೇ.

ತಿಂಡಿ ಬಿಡಿ, ಪಾರಾಯಣ ಇಟ್ಟುಕೊಳ್ಳಿ ಎಂದೆ. ಅಡುಗೆಮನೆ ಬಾಗಿಲು ಹಾಕಿ ದೀಪದ ಪಕ್ಕ ಕೂರಿ. "ಇನ್ಮೇಲೆ ತೀರ್ಥ, ಕಲ್ಲುಸಕ್ಕರೆ ಮಾತ್ರ" ಎಂದು ನೀವೇ ಹೇಳಿ. ಹುಷಾರಿಲ್ಲ ಅನ್ನಬೇಡಿ. ಹಾಗೆಂದರೆ ಮುಂದಿನ ತಿಂಗಳು "ಹುಷಾರಾದ್ರಾ?" ಎಂದು ಕೇಳುತ್ತಾರೆ, ಮತ್ತೆ ಬಾಣಲೆ ಒಲೆ ಮೇಲೆ ಏರುತ್ತದೆ.

ಬಂದವರಿಗೆ ಏನೂ ಕೊಡದಿದ್ದರೆ ದೋಷ ಅಲ್ವಾ ಎಂದು ಅಳುಕಿದರು. ಅವರು ಅಡುಗೆಮನೆಯಿಂದ ಕೇಳುವ ಫಲಶ್ರುತಿಯನ್ನೇ ನೆನಪಿಸಿದೆ. ಅಲ್ಲಿ ಪಾರ್ವತಿಯೇ "ಕೇನೋಪಾಯೇನ ಲಘುನಾ" ಎಂದು ಹಗುರದ ದಾರಿ ಕೇಳುತ್ತಾಳೆ. ಶಿವ ಬೈಯುವುದಿಲ್ಲ. ರಾಮನಾಮ ಸಾಕು ಎನ್ನುತ್ತಾನೆ.

ಹೋದ ಏಕಾದಶಿಗೆ ಹದಿನೇಳು ಜನ ಬಂದಿದ್ದರಂತೆ. ಒಬ್ಬರು "ಮನೇಲಿ ಏನಾದ್ರೂ ತೊಂದರೆನಾ?" ಎಂದು ಕೇಳಿದರಂತೆ. ಸುಮತಿ ನೊಂದುಕೊಂಡು ಫೋನ್ ಮಾಡಿದ್ದರು. ಇಡುವ ಮುಂಚೆ ಹೇಳಿದರು: "ಮೊದಲು ಪುಸ್ತಕ ನೋಡದೇ ಬರ್ತಿತ್ತು ಮೇಡಂ. ಮಧ್ಯ ಎರಡು ಕಡೆ ಮರೆತೇ ಹೋಗಿದೆ. ಬೆಳಿಗ್ಗೆ ಕೂತು ಮತ್ತೆ ಬಾಯಿಪಾಠ ಮಾಡ್ತಿದ್ದೀನಿ."