ಬುಲ್ ರನ್‌ನಲ್ಲಿ ದಕ್ಷಿಣದ ಸೇನಾಪತಿ ಯಾರು?

ಅಮೆರಿಕದ ಅಂತರ್ಯುದ್ಧದ ಮೊದಲ ದೊಡ್ಡ ಕಾಳಗ ಬುಲ್ ರನ್‌ನಲ್ಲಿ (ಜುಲೈ 21, 1861) ದಕ್ಷಿಣದ ಪಡೆಯನ್ನು ನಡೆಸಿದ್ದು ಬೋರೆಗಾರ್ಡೋ ಜಾನ್‌ಸ್ಟನ್ನೋ ಅಂತ ಕೇಳಿದ್ದೀರಿ. ಹುದ್ದೆಯಲ್ಲಿ ಜಾನ್‌ಸ್ಟನ್ ಹಿರಿಯ. ಆದರೆ ಅವನು ಶೆನಂಡೋವಾ ಕಣಿವೆಯಿಂದ ಬಂದು ಮುಟ್ಟಿದ್ದೇ ಹಿಂದಿನ ದಿನ. ಜಾಗದ ಪರಿಚಯ ಇರಲಿಲ್ಲ, ಹಾಗಾಗಿ ಬೋರೆಗಾರ್ಡ್‌ನ ಯೋಜನೆಗೇ ಒಪ್ಪಿದ. ಕಾಳಗದ ದಿನ ಬೋರೆಗಾರ್ಡ್ ಹೆನ್ರಿ ಹೌಸ್ ಗುಡ್ಡದ ಮೇಲೆ ನಿಂತು ಸೈನಿಕರನ್ನು ನಡೆಸಿದ. ಜಾನ್‌ಸ್ಟನ್ ಹಿಂದೆ ಉಳಿದು ಹೊಸ ತುಕಡಿಗಳನ್ನು ಮುಂದಕ್ಕೆ ಕಳಿಸುತ್ತಿದ್ದ. ಹೆಸರು ಬೋರೆಗಾರ್ಡ್‌ಗೆ ಜಾಸ್ತಿ ಬಂತು. ನನ್ನ ಪ್ರಕಾರ ಆ ದಿನ ಗೆಲ್ಲಿಸಿದ್ದು ಜಾನ್‌ಸ್ಟನ್ ಕಳಿಸಿದ ಜನ.

ಅವನ ಪಡೆ ಕಣಿವೆಯಿಂದ ರೈಲು ಹತ್ತಿ ಬಂದದ್ದೇ ಇಲ್ಲಿನ ಮುಖ್ಯ ಸಂಗತಿ. ಅವನನ್ನು ಅಲ್ಲೇ ಕಟ್ಟಿಹಾಕಬೇಕಿದ್ದದ್ದು ಉತ್ತರದ ಜನರಲ್ ಪ್ಯಾಟರ್ಸನ್. ವಯಸ್ಸು 69, ಬ್ರಿಟನ್ ವಿರುದ್ಧದ 1812ರ ಯುದ್ಧದಲ್ಲಿ ಹೋರಾಡಿದವನು! ಜಾನ್‌ಸ್ಟನ್ ಅವನ ಕಣ್ತಪ್ಪಿಸಿ ಹೊರಟುಬಿಟ್ಟ.

ಸೋತ ಉತ್ತರದ ಸೇನಾಪತಿ ಮ್ಯಾಕ್‌ಡೊವೆಲ್‌ನನ್ನು ಸುಮ್ನೆ ದಡ್ಡ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಅವನೂ ಬೋರೆಗಾರ್ಡೂ ವೆಸ್ಟ್ ಪಾಯಿಂಟ್ ಸೇನಾ ಶಾಲೆಯ 1838ರ ಸಹಪಾಠಿಗಳು. ಆದರೆ ಯುದ್ಧದಲ್ಲಿ ಪಡೆ ನಡೆಸಿದ ಅನುಭವ ಮ್ಯಾಕ್‌ಡೊವೆಲ್‌ಗೆ ಇರಲೇ ಇಲ್ಲ. ದಕ್ಷಿಣದ ಪಡೆಯ ಎಡಗಡೆಯಿಂದ ಸುತ್ತಿಬಂದು ಹೊಡೆಯುವ ಅವನ ಯೋಜನೆ ಬೆಳಿಗ್ಗೆ ಚೆನ್ನಾಗಿಯೇ ನಡೆಯಿತು. ಆದರೆ ಅವನ ಸೈನಿಕರಲ್ಲಿ ಹಲವರು 90 ದಿನಕ್ಕೆ ಸೇರಿದ್ದ ಹೊಸಬರು. ಪೆನ್ಸಿಲ್ವೇನಿಯಾದ ಒಂದು ರೆಜಿಮೆಂಟ್ ಅವಧಿ ಮುಗಿಯಿತು ಅಂತ ಕಾಳಗದ ದಿನವೇ ಮನೆಗೆ ಹೊರಟಿತು. ಕೆಲವೇ ದಿನಗಳಲ್ಲಿ ಲಿಂಕನ್ ಅವನ ಜಾಗಕ್ಕೆ ಮ್ಯಾಕ್‌ಲೆಲನ್‌ನನ್ನು ಕರೆಸಿದರು.