ಟ್ಯಾಂಕ್ ಭರ್ತಿ ಇದ್ದರೂ ವಿಮಾನ ಯಾಕೆ ಏಳಲಿಲ್ಲ?

ಪ್ರಶ್ನೆ: ಮಗಳು ಅಮೆರಿಕದ ಅರಿಜೋನಾದಲ್ಲಿ ಸೆಸ್ನಾ 172 ಹಾರಿಸೋದು ಕಲಿಯುತ್ತಿದ್ದಾಳೆ. ಏರುವ-ಇಳಿಯುವ ವೇಗ ತೋರಿಸುವ ಮೀಟರ್ ಕೆಟ್ಟಿದ್ದರೂ ಒಂದು ದಿನ ಹಾರಿದಳಂತೆ. ಮರುದಿನ ಇಂಧನದ ಮೀಟರ್ ಕೆಟ್ಟಿದೆ ಅಂತ ಕ್ಲಾಸೇ ರದ್ದು. ಟ್ಯಾಂಕ್ ಭರ್ತಿ ಇತ್ತಂತೆ! ಇದ್ಯಾವ ಲೆಕ್ಕ ಸಾರ್?
– ಓದುಗರು, ಶಿವಮೊಗ್ಗ

ಉತ್ತರ: ಎರಡು ದಿನವೂ ಅವರು ಮಾಡಿದ್ದು ಸರಿ. ಅಮೆರಿಕದಲ್ಲಿ ಹಾರಾಟ ಕಲಿಸುತ್ತಾ ವರ್ಷಗಳಾದರೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅಲ್ಲಿ ವಿಮಾನ ಹಾರಾಟವನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಎಎ. ಅದರ ನಿಯಮ 91.205 ಹಗಲು ಹಾರಾಟಕ್ಕೆ ಏನೇನು ಬೇಕು ಅಂತ ಹೇಳುತ್ತದೆ. ವೇಗ, ಎತ್ತರ, ದಿಕ್ಕು ತೋರಿಸುವ ಮೀಟರ್‌ಗಳು, ಎಂಜಿನ್ ಸುತ್ತು, ಆಯಿಲ್ ಒತ್ತಡ, ಆಯಿಲ್ ಬಿಸಿ, ಸೀಟ್ ಬೆಲ್ಟ್. ಮಕ್ಕಳು ಇದನ್ನು ‘ಎ ಟೊಮ್ಯಾಟೊ ಫ್ಲೇಮ್ಸ್’ ಅಂತ ಬಾಯಿಪಾಠ ಮಾಡುತ್ತಾರೆ. ಒಂದೊಂದು ಅಕ್ಷರಕ್ಕೆ ಒಂದೊಂದು ಸಾಮಾನು. ಮಗಳನ್ನು ಕೇಳಿ ನೋಡಿ, ಒಂದೇ ಉಸಿರಿಗೆ ಹೇಳುತ್ತಾಳೆ.

ಏರುವ-ಇಳಿಯುವ ವೇಗದ ಮೀಟರ್ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಮೋಡದೊಳಗೆ ಹಾರುವವರ ಪಟ್ಟಿಯಲ್ಲೂ ಇಲ್ಲ! ಹಾಗಂತ ಸುಮ್ನೆ ಹತ್ತಿ ಹೋಗೋ ಹಾಗಿಲ್ಲ. ವಿಮಾನ ತಯಾರಿಸಿದ ಕಂಪನಿಯ ಪಟ್ಟಿಯೂ ಅದು ಬೇಕೇ ಬೇಕು ಅನ್ನಬಾರದು. ಕೆಟ್ಟದ್ದನ್ನು ಬಿಚ್ಚಬೇಕು ಅಥವಾ ಬಂದ್ ಮಾಡಬೇಕು, ‘ಇನ್‌ಆಪರೇಟಿವ್’ (ಕೆಲಸ ಮಾಡುತ್ತಿಲ್ಲ) ಅಂತ ಚೀಟಿ ಅಂಟಿಸಬೇಕು. ಅದಿಲ್ಲದೆ ಅಪಾಯವಿಲ್ಲ ಅಂತ ಪೈಲಟ್ ಅಥವಾ ಮೆಕ್ಯಾನಿಕ್ ತೀರ್ಮಾನಿಸಬೇಕು.

ಇಂಧನದ ಮೀಟರ್ ಕಥೆ ಬೇರೆ. ಅದು ಹಗಲಿನ ಪಟ್ಟಿಯಲ್ಲೇ ಇದೆ, ಪ್ರತಿ ಟ್ಯಾಂಕಿಗೂ ಒಂದೊಂದು ಇರಲೇಬೇಕು. ಒಮ್ಮೆ ನಮ್ಮ ವಿಮಾನದ ಎಡ ಟ್ಯಾಂಕಿನ ಮುಳ್ಳು ಅರ್ಧದಲ್ಲೇ ನಿಂತುಬಿಟ್ಟಿತ್ತು. ರೆಕ್ಕೆ ಹತ್ತಿ, ಡಿಪ್ ಕಡ್ಡಿ ಇಳಿಸಿ ನೋಡಿದೆ. ಭರ್ತಿ! “ಕಣ್ಣಾರೆ ನೋಡಿದ್ದೀನಲ್ಲ, ಇನ್ನೇನು?” ಅಂತ ಮೆಕ್ಯಾನಿಕ್ ಹತ್ತಿರ ವಾದಕ್ಕಿಳಿದೆ. ಅವನು ನನ್ನನ್ನು ಸೀಟಲ್ಲಿ ಕೂರಿಸಿ, “ಟ್ಯಾಂಕಿನ ಮುಚ್ಚಳ ತೋರಿಸು” ಅಂದ. 172ರ ರೆಕ್ಕೆ ನಮ್ಮ ತಲೆ ಮೇಲಿರುತ್ತೆ, ಮುಚ್ಚಳ ರೆಕ್ಕೆಯ ಮೇಲ್ಗಡೆ. ಒಳಗಿಂದ ಎಲ್ಲಿ ಕಾಣಬೇಕು? ಹಾರುವಾಗ ರೆಕ್ಕೆಯ ಮೇಲೆ ಗಾಳಿಯ ಒತ್ತಡ ಕಡಿಮೆ. ಮುಚ್ಚಳ ಸಡಿಲವಾಗಿದ್ದರೆ ಇಂಧನವನ್ನು ಅದೇ ಹೊರಗೆ ಎಳೆಯುತ್ತದೆ. ಹೊರಡುವಾಗ ಎಷ್ಟಿತ್ತು ಅಂತ ಕಡ್ಡಿ ಹೇಳುತ್ತೆ. ಈಗ ಎಷ್ಟಿದೆ ಅಂತ ಹೇಳೋಕೆ ಮುಳ್ಳೇ ಬೇಕು. ವಿದ್ಯಾರ್ಥಿಯ ಮುಂದೆ ಮುಖ ಸಣ್ಣದು ಮಾಡಿಕೊಂಡು ಕಾಫಿಗೆ ಹೋದೆ.

ಆ ಮುಳ್ಳುಗಳು ಮಹಾ ಸತ್ಯಸಂಧರೇನಲ್ಲ, ಅದೂ ಹಳೇ ವಿಮಾನಗಳಲ್ಲಿ. ಅದಕ್ಕೇ ನಾವು ಕಡ್ಡಿ, ಎಷ್ಟು ಹೊತ್ತು ಹಾರಿದೆವು ಅನ್ನೋ ಗಡಿಯಾರ, ಮುಳ್ಳು ಮೂರನ್ನೂ ತಾಳೆ ನೋಡುತ್ತೇವೆ.

ರಾತ್ರಿ ಕ್ಲಾಸ್ ಶುರುವಾದರೆ ಪಟ್ಟಿ ಇನ್ನೂ ಉದ್ದ: ರೆಕ್ಕೆ-ಬಾಲದ ದೀಪಗಳು, ಮಿನುಗುವ ದೀಪ, ಇವಕ್ಕೆಲ್ಲ ಸಾಲುವಷ್ಟು ಕರೆಂಟು. ಇಳಿಯುವಾಗಿನ ದೊಡ್ಡ ದೀಪ ಮಾತ್ರ ದುಡ್ಡಿಗೆ ಹಾರಿಸುವವರಿಗಷ್ಟೇ ಕಡ್ಡಾಯ. ನನಗಂತೂ ಈ ರಿಯಾಯಿತಿ ಹಿಡಿಸಿಲ್ಲ, ಅದಿಲ್ಲದೆ ನಾನು ಹೊರಡಲ್ಲ. ಫ್ಯೂಸ್ ಇರುವ ಹಳೇ ವಿಮಾನವಾದರೆ ಒಂದು ಸೆಟ್ ಹೆಚ್ಚುವರಿ ಫ್ಯೂಸ್, ಇಲ್ಲವೇ ಪ್ರತಿ ಬಗೆಯದೂ ಮೂರು, ಪೈಲಟ್ ಕೈಗೆ ಸಿಗುವಂತಿರಬೇಕು. ಹಿಂದಿನ ಸೀಟಿನ ಬ್ಯಾಗಿನಲ್ಲಿಟ್ಟರೆ ಲೆಕ್ಕಕ್ಕಿಲ್ಲ.