ಲಿವರ್‌ನಲ್ಲಿ ಗಡ್ಡೆ: ಕ್ಯಾನ್ಸರ್ ಹೌದೋ ಅಲ್ವೋ?

ಪ್ರಶ್ನೆ: ಅಪ್ಪನಿಗೆ 58 ವರ್ಷ. ಸ್ಕ್ಯಾನಿಂಗ್‌ನಲ್ಲಿ ಲಿವರ್‌ನಲ್ಲಿ 3 ಸೆಂ.ಮೀ. ಗಡ್ಡೆ ಕಂಡಿದೆ. ಎಎಫ್‌ಪಿ ಅನ್ನೋ, ಲಿವರ್ ಕ್ಯಾನ್ಸರ್ ಸುಳಿವು ಕೊಡೋ ರಕ್ತ ಪರೀಕ್ಷೆ ನಾರ್ಮಲ್. ಅಂದ್ರೆ ಕ್ಯಾನ್ಸರ್ ಅಲ್ಲ, ಅಲ್ವಾ ಡಾಕ್ಟ್ರೇ?
– ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಅಷ್ಟಕ್ಕೇ ಸುಮ್ನೆ ಕೂರಬೇಡಿ, ದಯವಿಟ್ಟು. ಲಿವರ್ ಕ್ಯಾನ್ಸರ್ ಇದ್ದರೂ ಎಎಫ್‌ಪಿ ಎಷ್ಟೋ ಸಲ ನಾರ್ಮಲ್ ಇರುತ್ತದೆ. ಮೊದಲು ರಕ್ತನಾಳಕ್ಕೆ ಕಾಂಟ್ರಾಸ್ಟ್ (ಸ್ಕ್ಯಾನ್‌ನಲ್ಲಿ ಸ್ಪಷ್ಟವಾಗಿ ಕಾಣಿಸುವಂತೆ ಮಾಡುವ ಔಷಧಿ) ಕೊಟ್ಟು ಹಂತ ಹಂತವಾಗಿ ತೆಗೆಯುವ ಸಿ.ಟಿ. ಮಾಡಿಸಿ. ಅದರಲ್ಲಿ ಲಿವರ್ ಕ್ಯಾನ್ಸರ್ ಸಾಮಾನ್ಯವಾಗಿ ಬೇಗ ಬೆಳ್ಳಗೆ ಹೊಳೆದು, ಆಮೇಲೆ ಸುತ್ತಲಿನ ಲಿವರ್‌ಗಿಂತ ಕಪ್ಪಾಗುತ್ತದೆ. ಹೆಮಾಂಜಿಯೋಮಾ ಅನ್ನೋ ರಕ್ತನಾಳಗಳ ಗಂಟು ಅಂಚಿನಿಂದ ಒಳಕ್ಕೆ ನಿಧಾನವಾಗಿ ತುಂಬಿಕೊಳ್ಳುತ್ತದೆ, ಅದು ಕ್ಯಾನ್ಸರ್ ಅಲ್ಲ. ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ) ಅಥವಾ ಹೆಪಟೈಟಿಸ್ ಬಿ (ಲಿವರ್‌ಗೆ ತಗಲುವ ವೈರಸ್ ಸೋಂಕು) ಇದ್ದವರಲ್ಲಿ ಮೇಲೆ ಹೇಳಿದ ಕ್ಯಾನ್ಸರ್ ಗುರುತನ್ನು ಜಾಸ್ತಿ ನಂಬಬಹುದು, ಹಾಗಾಗಿ ಇವೆರಡು ಇವೆಯೇ ಅನ್ನೋ ಪರೀಕ್ಷೆಯೂ ಬೇಕು. ಕರುಳಿನ ಕ್ಯಾನ್ಸರ್ ಹರಡಿಯೂ ಗಡ್ಡೆ ಬರಬಹುದು. ಸಂಶಯ ಉಳಿದರೆ ಎಂ.ಆರ್.ಐ., ಬೇಕಾದರೆ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು). ರಾಯಚೂರಿಗೋ ಬಳ್ಳಾರಿಗೋ ತೋರಿಸಲು ಹೋಗುವಾಗ ರಿಪೋರ್ಟ್ ಹಾಳೆ ಜೊತೆ ಸ್ಕ್ಯಾನ್ ಸಿ.ಡಿ.ಯನ್ನೂ ಒಯ್ಯಿರಿ.